ಮಾವನ ಟ್ರಂಕಿನಲ್ಲಿ 41 ಕಾಗದ ಸಿಕ್ಕಿವೆ, ಯುದ್ಧದ ಸುದ್ದಿ ಮಾತ್ರ ಒಂದರಲ್ಲೂ ಇಲ್ಲ

ಏಲಕ್ಕಿ ಮಾಲೆ:
ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಕಡೆಯವಳು, ಈಗ ಬೆಂಗಳೂರಲ್ಲಿದ್ದೇನೆ. ಕಳೆದ ತಿಂಗಳು ಊರಿನ ಹಳೇ ಮನೆ ಕೆಡವುವ ಮೊದಲು ಅಟ್ಟ ಖಾಲಿ ಮಾಡಿದೆವು. ನನ್ನ ಸೋದರಮಾವನ ಕಪ್ಪು ಟ್ರಂಕು ಸಿಕ್ಕಿತು. ಮುಚ್ಚಳದ ಮೇಲೆ ಬಿಳಿ ಪೇಂಟಿನಲ್ಲಿ ನಂಬರು, ಹೆಸರು. ಒಳಗೆ ಒಂದು ಉಣ್ಣೆ ಮಫ್ಲರು, ನುಸಿಗುಳಿಗೆ ವಾಸನೆ, ಪೈಜಾಮದ ಲಾಡಿಯಲ್ಲಿ ಕಟ್ಟಿದ ಒಂದು ಕಟ್ಟು ಕಾಗದ. ಎಣಿಸಿದೆ, 41 ಇವೆ.

ಮಾವ ಬೆಂಗಳೂರಿನ ಎಂಇಜಿಗೆ (ಮದ್ರಾಸ್ ಎಂಜಿನಿಯರ್ ಗ್ರೂಪ್, ಸೈನ್ಯದ ಎಂಜಿನಿಯರ್ ದಳ) ಸೇರಿದವರು. 1971ರ ಯುದ್ಧದಲ್ಲಿ ಪಶ್ಚಿಮ ಗಡಿಯಲ್ಲಿದ್ದರು, ಶಕರ್‌ಗಢದ ಕಡೆ. ಆಗ ಅವರಿಗೆ 21 ವರ್ಷ. ಆಮೇಲೆ ನೌಕರಿ ಮುಗಿಸಿ ಊರಿಗೆ ಬಂದು ಹತ್ತಿ, ಜೋಳ ಬೆಳೆದರು. ಏಳು ವರ್ಷದ ಹಿಂದೆ ತೀರಿಕೊಂಡರು. ಯುದ್ಧದ ವಿಷಯ ಕೇಳಿದರೆ "ಏನೈತಿ ಅದರಾಗ" ಅಂತ ಎದ್ದು ಹೋಗಿಬಿಡುತ್ತಿದ್ದರು.

ಕಟ್ಟಿನಲ್ಲಿ ಎರಡೂ ಕಡೆಯ ಕಾಗದ ಇವೆ. ಅವರು ಮನೆಗೆ ಬರೆದವು, ಮನೆಯಿಂದ ಹೋದವು. ಮನೆಯಿಂದ ಹೋದವನ್ನು ಅವರು ಅಲ್ಲಿಂದ ಜೋಪಾನವಾಗಿ ವಾಪಸ್ ತಂದಿದ್ದಾರೆ. ಅಜ್ಜನಿಗೆ ಓದುಬರಹ ಇರಲಿಲ್ಲ. ಅಜ್ಜ ಹೇಳುತ್ತಿದ್ದರು, ನಮ್ಮ ಅವ್ವ ಬರೆಯುತ್ತಿದ್ದಳು. ಆಗ ಅವಳಿಗೆ 14. ಕೊನೆಗೆ ಮೂಲೆಯಲ್ಲಿ ಆಯಿಯ ಹೆಬ್ಬೆಟ್ಟು. ಆಯಿ ಅಂದರೆ ಅಜ್ಜನ ತಾಯಿ. ಮಾವನ ತಾಯಿ ಬೇಗ ಹೋಗಿಬಿಟ್ಟಿದ್ದರಿಂದ ಮಾವನನ್ನೂ ಅವ್ವನನ್ನೂ ಸಾಕಿದ್ದು ಆಯಿಯೇ. ಸೊಸೈಟಿಯಲ್ಲಿ ಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದನ್ನು ನೋಡಿ, ಹೆಬ್ಬೆಟ್ಟು ಇಲ್ಲದ ಕಾಗದ ಪಕ್ಕಾ ಅಲ್ಲ ಅಂತ ಆಯಿಯ ನಂಬಿಕೆಯಂತೆ. ದೀಪದ ಕಾಡಿಗೆಗೆ ಎಣ್ಣೆ ಕಲಸಿ ಒತ್ತುತ್ತಿದ್ದರು.

ಮಾವನ ಒಂದು ಕಾಗದ ನೋಡಿ. ತಾರೀಖು 19 ಡಿಸೆಂಬರ್ 1971. ಯುದ್ಧ ನಿಂತು ಮೂರೂ ದಿನ ಆಗಿಲ್ಲ.

"ತೀರ್ಥರೂಪ ತಂದೆಯವರ ಪಾದಗಳಿಗೆ ನಿಮ್ಮ ಮಗ ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ. ನಾನು ಇಲ್ಲಿ ಕ್ಷೇಮವಾಗಿರುವೆನು. ನಿಮ್ಮೆಲ್ಲರ ಕ್ಷೇಮಕ್ಕೆ ಪತ್ರ ಬರೆಯಿಸಿರಿ. ಚಳಿ ಬಹಳ. ಊಟಕ್ಕೆ ತೊಂದರೆ ಇಲ್ಲ. ಇಲ್ಲಿಯೂ ಹೊಲ ಹಸನ ಮಾಡುವ ಕೆಲಸವೇ ಬಂತು, ರಾತ್ರಿ ಪಾಳಿ. ಕರಿ ಎತ್ತಿನ ಕಾಲು ನೋವು ಕಡಿಮೆ ಆಯಿತೇ? ಆಯಿಗೆ ಹೇಳಿರಿ, ಮಫ್ಲರು ಮುಟ್ಟಿತು."

ಅಷ್ಟೇ. ಉಳಿದವೂ ಹೀಗೇ. ಎತ್ತು, ಮಳೆ, ಜೋಳದ ರೇಟು, ತಂಗಿಯ ಪರೀಕ್ಷೆ. ಇದು ಸೆನ್ಸಾರ್ ಭಯವೋ, ಮಾವನ ಸ್ವಭಾವವೋ? ಐದು ಫೋಟೋ ಹಾಕಿದ್ದೇನೆ. 3ನೆಯದು ಈ ಕಾಗದ, ಉಳಿದವು ಮನೆಯಿಂದ ಹೋದವು. ಇವನ್ನು ಯಾವುದಾದರೂ ಮ್ಯೂಸಿಯಂಗೆ ಕೊಡಬೇಕಾ ಅನ್ನುವುದನ್ನೂ ಹೇಳಿ.

ಇತಿಹಾಸದ ಮೇಷ್ಟ್ರು:
ಮೇಡಂ, ಎರಡೂ ಇರುತ್ತೆ. ಯುದ್ಧದ ಹೊತ್ತಿನಲ್ಲಿ ಎಲ್ಲಿದ್ದೀವಿ, ಎಲ್ಲಿಗೆ ಹೊರಟಿದ್ದೀವಿ ಅಂತ ಬರೆಯುವ ಹಾಗಿಲ್ಲ. ಆದರೆ ಬರೆಯಬಾರದು ಅಂದ ಕೂಡಲೇ ಜನ ಸುಮ್ನಿರಲ್ಲ, ದಾರಿ ಹುಡುಕುತ್ತಾರೆ.

ಮೊದಲನೇ ಮಹಾಯುದ್ಧದ ಕಥೆ ಹೇಳ್ತೀನಿ. 1914ರ ಸೆಪ್ಟೆಂಬರ್ ಕೊನೆಗೆ ನಮ್ಮ ಸಿಪಾಯಿಗಳು ಫ್ರಾನ್ಸಿನ ಮಾರ್ಸೇ ಬಂದರಿನಲ್ಲಿ ಇಳಿದರು. ಬಹಳ ಜನಕ್ಕೆ ಓದುಬರಹ ಇರಲಿಲ್ಲ. ಪಕ್ಕದವನ ಕೈಲಿ ಬರೆಸೋರು, ಊರಲ್ಲಿ ಯಾರಾದರೂ ಓದಿ ಹೇಳೋರು. ನಡುವೆ ಬ್ರಿಟಿಷರ ಸೆನ್ಸಾರ್ ಕಚೇರಿ. ಅಲ್ಲಿ ಕಾಗದ ಒಡೆದು ಓದಿ, ಬೇಕಾದ ಭಾಗವನ್ನು ಇಂಗ್ಲಿಷಿಗೆ ಮಾಡಿಕೊಳ್ಳುತ್ತಿದ್ದರು. ಸಿಪಾಯಿಗಳಿಗೂ ಇದು ಗೊತ್ತಿತ್ತು. ಅದಕ್ಕೇ ಕರಿಮೆಣಸು, ಕೆಂಪು ಮೆಣಸು ಅಂತ ಬರೆಯೋರು. ಕರಿಮೆಣಸು ಅಂದರೆ ನಮ್ಮವರು, ಕೆಂಪು ಅಂದರೆ ಬಿಳಿಯರು. ಕರಿಮೆಣಸು ಮುಗೀತಾ ಬಂತು, ಈಗ ಕೆಂಪು ಬಳಸ್ತಿದ್ದಾರೆ ಅಂತ ಬರೆದರೆ ಊರಿನವರಿಗೆ ಅರ್ಥ ಆಗಬೇಕು: ಇಲ್ಲಿ ನಮ್ಮವರು ಸಾಯ್ತಾ ಇದ್ದಾರೆ.

1915ರ ಜನವರಿಯಲ್ಲಿ ಇಂಗ್ಲೆಂಡಿನ ಆಸ್ಪತ್ರೆಯಿಂದ ಗಾಯಗೊಂಡ ಒಬ್ಬ ರಜಪೂತ ಸಿಪಾಯಿ ಬರೆದಿದ್ದು ತುಂಬಾ ಪ್ರಸಿದ್ಧ. ಇದು ಯುದ್ಧ ಅಲ್ಲ, ಲೋಕವೇ ಮುಗಿಯುತ್ತಿದೆ, ಮಹಾಭಾರತದಲ್ಲಿ ಕೇಳಿದ್ದೆವಲ್ಲ ಅದೇ ಇದು ಅನ್ನುವ ಅರ್ಥದ ಮಾತು. ನೋಡಿ, ಹಳ್ಳಿಯವನಿಗೆ ಫಿರಂಗಿ ಯುದ್ಧ ತಿಳಿಸಿ ಹೇಳೋಕೆ ಕುರುಕ್ಷೇತ್ರವೇ ಬೇಕಾಯ್ತು.

ಬೇಜಾರಿನ ವಿಷಯ ಒಂದಿದೆ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಇರುವುದು ಬಹುತೇಕ ಆ ಇಂಗ್ಲಿಷ್ ತುಣುಕುಗಳು. ಸಿಪಾಯಿಯ ಕೈಬರಹ ಅಲ್ಲಿಲ್ಲ. ನಿಮ್ಮ ಹತ್ತಿರ ಕೈಬರಹವೇ ಇದೆ, ಎರಡೂ ಕಡೆಯದ್ದು. ಮನೆಯಿಂದ ಹೋದ ಕಾಗದ ಉಳಿಯುವುದು ಇನ್ನೂ ಅಪರೂಪ. ಮಳೆಯಲ್ಲಿ, ಟ್ರೆಂಚಿನಲ್ಲಿ ಯಾರು ಕಾಪಾಡ್ತಾರೆ?

ಮಂಡ್ಯದ ಮಾತು:
ಮೆಣಸಿನ ಕಥೆ ಸೂಪರ್ ಸಾರ್. ಆದ್ರೆ ಸೆನ್ಸಾರ್‌ನವರಿಗೆ ಗೊತ್ತಾಗಲಿಲ್ವಾ?

ಇತಿಹಾಸದ ಮೇಷ್ಟ್ರು:
ಗೊತ್ತಾಗಿದ್ದಕ್ಕೇ ಅಲ್ವಾ ನಮಗೂ ಗೊತ್ತಾಗಿದ್ದು! ಗೊತ್ತಾಗದೇ ದಾಟಿ ಹೋದವು ಎಷ್ಟಿದ್ದವೋ.

ನಿವೃತ್ತ ತಂಬಿ:
ತಂಗಿ, ನಾನೂ ಎಂಇಜಿಯವನೇ. ನಮ್ಮನ್ನು ಸೈನ್ಯದಲ್ಲಿ ಎಲ್ಲರೂ "ತಂಬಿ" ಅಂತಲೇ ಕರೆಯೋದು. ನಾನು ಸೇರಿದ್ದು ಆ ಯುದ್ಧ ಆಗಿ ಬಹಳ ವರ್ಷಕ್ಕೆ. ಆದರೆ ನಿಮ್ಮ ಮೂರನೇ ಫೋಟೋ ಓದಿ ಒಂದು ನಿಮಿಷ ಮೊಬೈಲ್ ಕೆಳಗಿಟ್ಟೆ.

ನಿಮ್ಮ ಮಾವ ಯುದ್ಧದ ಬಗ್ಗೆ ಬರೆದಿದ್ದಾರೆ. ನೀವು ಓದಿದ್ದೀರಿ, ಗೊತ್ತಾಗಿಲ್ಲ ಅಷ್ಟೇ. "ಹೊಲ ಹಸನ ಮಾಡುವ ಕೆಲಸ, ರಾತ್ರಿ ಪಾಳಿ." ಎಂಇಜಿಯವನು, ಶಕರ್‌ಗಢ, 1971ರ ಡಿಸೆಂಬರ್. ಅದು ಮೈನ್, ಅಂದರೆ ನೆಲದಲ್ಲಿ ಹೂತ ಬಾಂಬು ತೆಗೆಯುವ ಕೆಲಸ ಅಲ್ಲದೆ ಇನ್ನೇನು? ಆ ಕಡೆ ಬಸಂತರ್ ನದಿ ಇದೆ. ಪಾಕಿಸ್ತಾನದವರು ನದಿಯ ಎರಡೂ ಕಡೆ ಹೊಲಗಳಲ್ಲಿ ಮೈನ್ ಹೂತಿದ್ದರು. ಡಿಸೆಂಬರ್ 15ರ ರಾತ್ರಿ ನಮ್ಮ ಟ್ಯಾಂಕುಗಳು ದಾಟಬೇಕು, ಅದಕ್ಕೆ ಮುಂಚೆ ತಂಬಿಗಳು ದಾರಿ ಮಾಡಿಕೊಡಬೇಕು. ಮಾರನೇ ದಿನ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಹೋರಾಡಿ ಮಡಿದಿದ್ದು ಅಲ್ಲೇ. ಅವರಿಗೂ 21 ವರ್ಷ. ಪರಮವೀರ ಚಕ್ರ ಬಂತು. ನಿಮ್ಮ ಮಾವ ಸರಿಯಾಗಿ ಆ ಜಾಗದಲ್ಲೇ ಇದ್ದರು ಅಂತ ನಾನು ಹೇಳಲ್ಲ. ಸೆಕ್ಟರ್ ಅದೇ, ಕೆಲಸ ಅದೇ.

ಕೈಯಲ್ಲಿ ಮೈನ್ ಹುಡುಕೋದು ಹೇಗೆ ಗೊತ್ತಾ? ಹೊಟ್ಟೆ ಮೇಲೆ ಮಲಗಬೇಕು. ಚೂಪಾದ ಸಲಾಕೆಯನ್ನು ಓರೆಯಾಗಿ ಮಣ್ಣಿಗೆ ಚುಚ್ಚಬೇಕು. ನೇರ ಚುಚ್ಚಿದರೆ ಮೈನಿನ ತಲೆಗೆ ತಗಲುತ್ತೆ, ಕಥೆ ಮುಗೀತು. ಓರೆ ಚುಚ್ಚಿದರೆ ಪಕ್ಕಕ್ಕೆ ತಗಲುತ್ತೆ. ಗಟ್ಟಿ ಸಿಕ್ಕರೆ ನಿಲ್ಲಿಸಿ, ಬೆರಳಲ್ಲಿ ಮಣ್ಣು ಸರಿಸಬೇಕು. ಒಂದು ಗೇಣು ಮುಂದೆ. ಮತ್ತೆ ಚುಚ್ಚು. ಚಳಿಗೆ ಬೆರಳು ಮರಗಟ್ಟಿದ್ದರೂ ಅಷ್ಟೇ, ಮೇಲೆ ಶೆಲ್ ಬೀಳ್ತಿದ್ದರೂ ಅಷ್ಟೇ.

ಹೊಲದ ಕಲ್ಲು ಕಳೆ ತೆಗೆದು ಹಸನ ಮಾಡೋದು ಅಂತ ನಿಮ್ಮ ಅಜ್ಜ ಓದಿಸಿ ಕೇಳಿರ್ತಾರೆ. ಸುಳ್ಳೂ ಅಲ್ಲ.

ಏಲಕ್ಕಿ ಮಾಲೆ:
ಅಣ್ಣಾ, ನನಗೆ ಏನು ಬರೆಯಬೇಕೋ ತಿಳಿಯುತ್ತಿಲ್ಲ. ಆ ಸಾಲನ್ನು ಹತ್ತು ಸಲ ಓದಿದ್ದೆ. ಬಿಡುವಿನ ಹೊತ್ತಿಗೆ ಕ್ಯಾಂಪಿನಲ್ಲಿ ಗಾರ್ಡನ್ ಕೆಲಸ ಕೊಟ್ಟಿರಬೇಕು ಅಂದುಕೊಂಡಿದ್ದೆ. ಮಾವ ಊರಲ್ಲಿ ಬಿತ್ತನೆಗೆ ಮುಂಚೆ ಹೊಲದಲ್ಲಿ ಒಬ್ಬರೇ ನಡೆಯೋರು, ಬಗ್ಗಿ ಬಗ್ಗಿ ಕಲ್ಲು ಆರಿಸೋರು. ಕೂಲಿಯವರನ್ನು ಆ ಕೆಲಸಕ್ಕೆ ಬಿಡ್ತಿರಲಿಲ್ಲ. ಜಿಪುಣ ಅಂತ ನಾವು ನಗ್ತಿದ್ವಿ.

ಇನ್ನೊಂದು ಕೇಳಬೇಕಿತ್ತು. ವಿಳಾಸದಲ್ಲಿ ಊರೇ ಇಲ್ಲ, ಬರೀ 56 ಎಪಿಒ. ಅದು ಎಲ್ಲಿದೆ?

ನಿವೃತ್ತ ತಂಬಿ:
ಅದು ಊರಲ್ಲ. ಸೈನ್ಯದ ಅಂಚೆಯ ವಿಳಾಸ. ನಂಬರು, ರ‍್ಯಾಂಕು, ಹೆಸರು, ಯೂನಿಟ್ಟು, ಕೇರಾಫ್ 56 ಎಪಿಒ. ಕಾಗದ ಮೊದಲು ದೆಹಲಿಯ ಸೈನ್ಯದ ಅಂಚೆಗೆ ಹೋಗುತ್ತೆ. ಯೂನಿಟ್ ಇವತ್ತು ಎಲ್ಲಿದೆ ಅನ್ನೋದು ಅಲ್ಲಿಯವರಿಗೆ ಗೊತ್ತು. ಊರ ಪೋಸ್ಟ್ ಮಾಸ್ತರರಿಗೂ ಗೊತ್ತಿಲ್ಲ, ಮನೆಯವರಿಗೂ ಗೊತ್ತಿಲ್ಲ. ಪೂರ್ವದ ಕಡೆಗೆ 99 ಎಪಿಒ, ಅದು ಕೋಲ್ಕತ್ತಾದಿಂದ. ಲೇಹ್‌ನಲ್ಲಿದ್ದರೂ ಪಂಜಾಬಿನಲ್ಲಿದ್ದರೂ ವಿಳಾಸ ಒಂದೇ. ನಮ್ಮ ತಾಯಿ ನಾನು 56 ಅನ್ನೋ ಊರಲ್ಲಿದ್ದೀನಿ ಅಂತಲೇ ನೆಂಟರಿಗೆಲ್ಲ ಹೇಳೋರು.

ಕಾವೇರಿ ತೀರ:
ನಾವು ಕೊಡಗಿನವರು. ನಮ್ಮಲ್ಲಿ ಪ್ರತಿ ಮನೆಯಲ್ಲೂ ಇಂಥ ಒಂದು ಟ್ರಂಕು ಇರುತ್ತದೆ ಅಂದರೆ ಜಾಸ್ತಿ ಆಗಲ್ಲ. 1965ರಲ್ಲಿ ಅಜ್ಜ ಗಡಿಯಲ್ಲಿದ್ದರು. ಕಾಗದ ಬಂದರೆ ಅಜ್ಜಿಗೆ ಹೆದರಿಕೆ ಇರಲಿಲ್ಲ, ಬರದಿದ್ದರೂ ಅಷ್ಟು ಇರಲಿಲ್ಲ. ಹೆದರಿಕೆ ತಂತಿಗೆ, ಅಂದರೆ ಟೆಲಿಗ್ರಾಂಗೆ. ಪೋಸ್ಟ್‌ಮ್ಯಾನ್ ಹೊತ್ತಲ್ಲದ ಹೊತ್ತಿನಲ್ಲಿ ತೋಟದ ದಾರಿಗೆ ತಿರುಗಿದರೆ ಅಜ್ಜಿ ಒಳಗೆ ಹೋಗಿ ಬಾಗಿಲ ಹಿಂದೆ ನಿಲ್ಲುತ್ತಿದ್ದರಂತೆ. ಒಂದು ಸಲ ತಂತಿ ಬಂದೇ ಬಂತು. ಕೈಗೆ ತಗೊಳ್ಳಲೇ ಇಲ್ಲ. ಕೊನೆಗೆ ಪೋಸ್ಟ್‌ಮ್ಯಾನೇ ಕೂಗಿ ಓದಿದರು: ರಜೆ ಸಿಕ್ಕಿದೆ, ಗುರುವಾರ ಬರ್ತೀನಿ. ಅಜ್ಜ ಬಂದ ಮೇಲೆ ಅಜ್ಜಿ ಎರಡು ದಿನ ಮಾತಾಡಲಿಲ್ಲವಂತೆ!

ನಗುತ್ತಾ ಹೇಳ್ತೀವಿ. ಆದರೆ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅದೇ ಸೆಪ್ಟೆಂಬರ್ 7ರಂದು ಸರ್ಗೋಧಾ ಮೇಲಿನ ದಾಳಿಗೆ ಹೋದವರು ಮರಳಲಿಲ್ಲ. ಅವರು ಹಳೇ ಮಿಸ್ಟೇರ್ ವಿಮಾನದಲ್ಲಿ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನವನ್ನು ಹೊಡೆದಿದ್ದರು. ಆ ವಿಷಯ ಇಲ್ಲಿ ಗೊತ್ತಾಗೋಕೇ ಬಹಳ ವರ್ಷ ಹಿಡಿಯಿತು. ಮಹಾವೀರ ಚಕ್ರ ಬಂದಿದ್ದು 1988ರಲ್ಲಿ. 23 ವರ್ಷ! ಕಾಗದವೂ ಇಲ್ಲದೆ, ಖಚಿತ ಸುದ್ದಿಯೂ ಇಲ್ಲದೆ ಒಂದು ಮನೆ ಅಷ್ಟು ವರ್ಷ ಹೇಗೆ ಇತ್ತು ಅಂತ ನೆನೆಸಿಕೊಂಡರೆ, ನಿಮ್ಮ 41 ಕಾಗದದ "ಕ್ಷೇಮ"ಕ್ಕೆ ಎಷ್ಟು ಬೆಲೆ ಅಂತ ತಿಳಿಯುತ್ತೆ.

ಎಸ್‌ಟಿಡಿ ಬೂತ್:
ನನ್ನದು 1999ರ ಯುದ್ಧದ ಕಥೆ. ಯಜಮಾನರು ಕಾರ್ಗಿಲ್ ಕಡೆ ಇದ್ದರು, ನಾನು ಬೆಳಗಾವಿಯಲ್ಲಿ. ಟಿವಿಯಲ್ಲಿ ಗುಡ್ಡ ತೋರಿಸ್ತಿದ್ದರು, ಫಿರಂಗಿ ತೋರಿಸ್ತಿದ್ದರು, ನಮಗೆ ಬೇಕಾದವರ ಮುಖ ತೋರಿಸ್ತಿರಲಿಲ್ಲ. ಕಾಗದ ಬಂದಾಗ ಮೂರು ಒಟ್ಟಿಗೆ ಬಂದವು, ಅದೂ ಹಿಂದುಮುಂದು. ಮೊದಲು ಒಡೆದಿದ್ದರಲ್ಲಿ "ಈಗ ಜ್ವರ ಇಲ್ಲ" ಅಂತಿತ್ತು. ಜ್ವರ ಬಂದಿದ್ದೇ ನನಗೆ ಗೊತ್ತಿಲ್ಲ! ಅದಾದ ಮೇಲೆ ನಾವು ಕಾಗದಕ್ಕೆ ನಂಬರ್ ಹಾಕೋಕೆ ಶುರು ಮಾಡಿದೆವು.

ಅದೇ ಯುದ್ಧದಲ್ಲಿ ಕ್ಯಾಪ್ಟನ್ ವಿಜಯಂತ್ ಥಾಪರ್ ಬರೆದಿಟ್ಟ ಕೊನೆಯ ಪತ್ರ ಬಹಳ ಜನ ಓದಿರ್ತೀರಿ. ವಯಸ್ಸು 22. ಈ ಕಾಗದ ನಿಮಗೆ ಸಿಗುವ ಹೊತ್ತಿಗೆ ನಾನು ಆಕಾಶದಿಂದ ನೋಡುತ್ತಿರುತ್ತೇನೆ ಅಂತ ಶುರು. ಎಲ್ಲರೂ ಆ ಸಾಲನ್ನೇ ಹೇಳ್ತಾರೆ. ನನಗೆ ನೆನಪಿರೋದು ಬೇರೆ. ಅಲ್ಲಿ ಪರಿಚಯವಾಗಿದ್ದ ರುಖ್ಸಾನಾ ಅನ್ನೋ ಪುಟ್ಟ ಹುಡುಗಿಗೆ ತಿಂಗಳಿಗೆ 50 ರೂಪಾಯಿ ಕೊಡ್ತಾ ಇರಿ ಅಂತ ಬರೆದಿದ್ದಾರೆ. ಸಾಯೋಕೆ ಹೊರಟವನು ಬಾಕಿ ಲೆಕ್ಕ ಬರೆದ ಹಾಗೆ.

ನಿಮ್ಮ ಮಾವ ಎತ್ತಿನ ಕಾಲು ಕೇಳಿದ್ದೂ ಅದೇ ಜಾತಿ ಅನ್ನಿಸ್ತು.

ಮಂಡ್ಯದ ಮಾತು:
ಮೇಡಂ, ಎಲ್ಲಾ 41ನ್ನೂ ಸ್ಕ್ಯಾನ್ ಮಾಡಿ ಇಲ್ಲೇ ಹಾಕಿಬಿಡಿ. ಮ್ಯೂಸಿಯಂಗೆ ಕೊಟ್ಟರೆ ಬೀರುವಿನಲ್ಲಿ ಧೂಳು ತಿಂತವೆ. ಜನ ಓದಲಿ.

ಹಳೇ ಕಾಗದ:
ಸ್ವಲ್ಪ ತಡೀರಿ. ಬರೆದವರು ಊರಿಗೆಲ್ಲ ಓದಿ ಅಂತ ಬರೆದಿಲ್ಲ. ಇವರ ತಾಯಿ ಇನ್ನೂ ಇದ್ದಾರೆ, ಅರ್ಧ ಕಾಗದ ಅವರ ಕೈಬರಹ. ಅವರನ್ನು ಕೇಳದೆ ಹಾಕೋದು ಸರಿಯಲ್ಲ.

ನಾನು ಹಳೇ ಕಾಗದಪತ್ರ ರಿಪೇರಿ ಮಾಡೋನು. ಮೊದಲು ಕಾಗದ ಉಳಿಸಿಕೊಳ್ಳಿ. ದಯವಿಟ್ಟು ಲ್ಯಾಮಿನೇಶನ್ ಮಾಡಿಸಬೇಡಿ. ಬಿಸಿಗೆ ಶಾಯಿ ಹಾಳು, ಆಮೇಲೆ ಬಿಡಿಸೋಕೂ ಆಗಲ್ಲ. ಹರಿದ ಕಡೆ ಸೆಲ್ಲೋಟೇಪ್ ಬೇಡ, ಕೆಲವೇ ವರ್ಷಕ್ಕೆ ಹಳದಿ ಅಂಟು ಬಿಟ್ಟು ಹೋಗುತ್ತೆ. ಪಿನ್ ಇದ್ದರೆ ತೆಗೆಯಿರಿ, ತುಕ್ಕು ಹಿಡಿಯುತ್ತೆ. ಕೈ ತೊಳೆದು ಒರೆಸಿ, ಮಡಿಕೆ ಬಿಡಿಸಿ, ಆಸಿಡ್ ಇಲ್ಲದ ಕಾಗದದ ನಡುವೆ ಚಪ್ಪಟೆಯಾಗಿಡಿ. ಆ ಟ್ರಂಕಿಗೆ ಮಾತ್ರ ವಾಪಸ್ ಹಾಕಬೇಡಿ, ಎಷ್ಟೇ ಮಮತೆ ಇದ್ದರೂ.

ಮಂಡ್ಯದ ಮಾತು:
ಸರಿ ಸಾರ್, ಕೇಳಿಯೇ ಹಾಕಲಿ. ನಾನು ಹೇಳಿದ್ದು ಒಳ್ಳೇದಕ್ಕೇ. ನಮ್ಮ ಮನೇಲೂ ಇದ್ದವು, ಗೆದ್ದಲು ತಿಂದ ಮೇಲೆ ನೋಡಿದ್ದು ನಾವು.

ಸ್ಟಾಂಪ್ ಹುಚ್ಚ:
ತಡವಾಗಿ ಬಂದೆ. ಮನೆಯಿಂದ ಹೋದ ಕಾಗದಗಳಿಗೆ ತಾರೀಖು ಇಲ್ಲ, ಮುದ್ರೆ ಮಸುಕು. ಆದರೂ ಹಿಂದುಮುಂದು ಹೇಳಬಹುದು. 4 ಮತ್ತು 5ನೇ ಫೋಟೋದ ಇನ್‌ಲ್ಯಾಂಡ್ ಮೇಲೆ ಜಾಸ್ತಿ ಒಂದು 5 ಪೈಸೆ ಸ್ಟಾಂಪು ಅಂಟಿಸಿದೆ ನೋಡಿ. ಅದು ನಿರಾಶ್ರಿತರ ಪರಿಹಾರದ ತೆರಿಗೆ. ಪೂರ್ವ ಪಾಕಿಸ್ತಾನದಿಂದ ಬಂದ ಜನಕ್ಕಾಗಿ 1971ರ ನವೆಂಬರ್ 15ರಿಂದ ಶುರುವಾಯಿತು. 2ನೇ ಫೋಟೋದಲ್ಲಿ ಅದಿಲ್ಲ, ಹಾಗಾಗಿ ಅದು ಮುಂಚಿನದು. ಪಿನ್‌ಕೋಡ್ ಯಾವುದರಲ್ಲೂ ಇಲ್ಲ, ಅದು ಬಂದಿದ್ದೇ 1972ರ ಆಗಸ್ಟ್ 15ಕ್ಕೆ.

ಸ್ಟಾಂಪು ನೋಡೋಕೆ ದೊಡ್ಡದು ಮಾಡಿದಾಗ ಇನ್ನೊಂದು ಕಣ್ಣಿಗೆ ಬಿತ್ತು. ಹೇಳಬೇಕೋ ಬೇಡವೋ ಗೊತ್ತಿಲ್ಲ. 2ನೇ ಫೋಟೋದ ಹೆಬ್ಬೆಟ್ಟು ಅಗಲ, ನಡುವೆ ಅಡ್ಡಡ್ಡ ಒಂದು ಬಿಳಿ ಗೀರು ಇದೆ, ಹಳೇ ಗಾಯದ್ದು ಇರಬೇಕು. 4 ಮತ್ತು 5ರಲ್ಲಿ ಹೆಬ್ಬೆಟ್ಟು ಚಿಕ್ಕದು. ಗೀರು ಇಲ್ಲ. ಒಂದೇ ಕೈಯದ್ದು ಅಲ್ಲ ಅನ್ನಿಸುತ್ತೆ. ನಿಮ್ಮ ತಾಯಿಯವರನ್ನು ಕೇಳಿ ನೋಡ್ತೀರಾ?

ಏಲಕ್ಕಿ ಮಾಲೆ:
ಫೋನಿನಲ್ಲಿ ಕೇಳುವ ವಿಷಯ ಅಲ್ಲ ಅನ್ನಿಸಿತು. ಈ ಭಾನುವಾರ ಊರಿಗೆ ಹೋಗಿ ಬಂದೆ.

ಅವ್ವ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಾ ಕೂತಿದ್ದಳು. ಮೊಬೈಲ್ ತೋರಿಸಿ ಕೇಳಿದೆ. ಕೈ ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ "ನಂದ ಅದು" ಅಂದಳು.

ಆಯಿ ತೀರಿಕೊಂಡಿದ್ದು ಆ ನವೆಂಬರ್ ಕೊನೆಗಂತೆ. ಎರಡೇ ದಿನದ ಜ್ವರ. "ರಣದಾಗ ಇರೋ ಹುಡುಗಗ ಸಾವಿನ ಸುದ್ದಿ ಬರೀಬ್ಯಾಡ" ಅಂತ ಅಜ್ಜ ಹೇಳಿದರು. ಆಯಿ ಆರಾಮ ಇದ್ದಾಳೆ, ನಿನ್ನ ಕೇಳಿದ್ದಾಳೆ ಅಂತ ಬರೆಸಿದರು. ಹೆಬ್ಬೆಟ್ಟು ಇಲ್ಲದಿದ್ದರೆ ಅಣ್ಣನಿಗೆ ಅನುಮಾನ ಬರುತ್ತೆ ಅಂತ ಅವ್ವನಿಗೇ ಹೊಳೆದಿದ್ದು. ಅಜ್ಜನಿಗೂ ಹೇಳದೆ ದೀಪದ ಕಾಡಿಗೆ ಹಚ್ಚಿಕೊಂಡು ತಾನೇ ಒತ್ತಿದಳು. ಎರಡು ಸಲ. ಆಯಿಯ ಹೆಬ್ಬೆರಳಿಗೆ ಎಂದೋ ಕುಡುಗೋಲು ತಗುಲಿ ಗೀರು ಬಿದ್ದಿತ್ತು. ಅದು 14 ವರ್ಷದವಳಿಗೆ ನೆನಪಾಗಲಿಲ್ಲ.

ಆಮೇಲೆ ಅವ್ವ ಎದ್ದು ಕೈ ತೊಳೆದಳು. ಕಟ್ಟು ಬಿಚ್ಚಿ ಒಂದು ಕಾಗದ ತೆಗೆದಳು, ಹುಡುಕಲೇ ಇಲ್ಲ, ಎಲ್ಲಿದೆ ಅಂತ ಗೊತ್ತಿತ್ತು. ಮಾವನದ್ದು, 1972ರ ಜನವರಿ. ನಾನು ಮೊದಲೇ ಓದಿದ್ದೆ, ಏನೂ ಅನ್ನಿಸಿರಲಿಲ್ಲ. ನಮಸ್ಕಾರ, ಕ್ಷೇಮ, ಚಳಿ, ಎತ್ತು. ಕೊನೆಯಲ್ಲಿ ಎರಡು ಸಾಲು:

"ಆಯಿಯ ಬೆರಳಿನ ಗಾಯದ ಗುರುತು ಮಾಯವಾಗಿರುವುದು ಕಾಗದ ನೋಡಿ ತಿಳಿಯಿತು. ತಂಗಿಗೆ ಹೇಳಿರಿ, ಇನ್ನು ಮುಂದೆ ಕಾಡಿಗೆ ಹಚ್ಚುವುದು ಬೇಡ."

ಇದನ್ನು ಅಜ್ಜನಿಗೆ ಓದಿ ಹೇಳಬೇಕಾಗಿದ್ದೂ ಅವ್ವನೇ. ಆ ಎರಡು ಸಾಲು ಬಿಟ್ಟು ಓದಿದಳಂತೆ. ಅದೇ ವಾರ 30 ರೂಪಾಯಿ ಮನಿಯಾರ್ಡರ್ ಬಂತು. ಕೂಪನ್ನಿನಲ್ಲಿ "ದಿನದ ಖರ್ಚಿಗೆ" ಅಂತ ಬರೆದಿತ್ತು. ಅಜ್ಜ ಮನೆ ಖರ್ಚಿಗೆ ಅಂದುಕೊಂಡರು. ನಮ್ಮ ಕಡೆ ಸತ್ತವರ ತಿಥಿಗೂ ದಿನ ಅಂತಲೇ ಅನ್ನೋದು.

ಅವ್ವ ಮೊಬೈಲ್ ಇಸಿದುಕೊಂಡು 4ನೇ ಫೋಟೋವನ್ನು ಎರಡು ಬೆರಳಲ್ಲಿ ಎಳೆದು ದೊಡ್ಡದು ಮಾಡಿದಳು. ತನ್ನ ಹೆಬ್ಬೆರಳನ್ನು ಅದರ ಪಕ್ಕ ಇಟ್ಟು ನೋಡಿದಳು. "ಇಷ್ಟ ದೊಡ್ಡದ ಮಾಡಿ ನೋಡಿದ್ರ ಯಾರಿಗರ ಗೊತ್ತಾಕ್ಕೈತಿ. ಅವಾ ಕಂದೀಲ ಬೆಳಕಿನ್ಯಾಗ ಗುರ್ತ ಹಿಡದಿದ್ದ" ಅಂದಳು.

ಕಾಗದಗಳು ಸದ್ಯಕ್ಕೆ ಅವ್ವನ ಹತ್ತಿರವೇ ಇರುತ್ತವೆ. ಆಸಿಡ್ ಇಲ್ಲದ ಕಾಗದ ತಂದುಕೊಟ್ಟು ಬಂದಿದ್ದೇನೆ. ಲಾಡಿಯಲ್ಲಿ ಕಟ್ಟಿಡುವುದನ್ನು ಬಿಡಲು ಮಾತ್ರ ಒಪ್ಪಿಲ್ಲ. 4 ಮತ್ತು 5ನೇ ಫೋಟೋ ಇಲ್ಲಿಂದ ತೆಗೆದಿದ್ದೇನೆ, ಅವ್ವ ತೆಗೆ ಅಂದಳು. ಮಂಡ್ಯದವರೇ, ಬೈಯಬೇಡಿ.